ಸ್ಟಿಯರಿಂಗ್ ಆಯಿಲ್ ಸೋರುತ್ತಿದೆಯೇ? ರ‍್ಯಾಕ್ ಬಿಚ್ಚುವ ಮೊದಲು ಇಷ್ಟು ನೋಡಿ

ವಾಹನ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪವರ್ ಸ್ಟಿಯರಿಂಗ್ ಆಯಿಲಿನದ್ದೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದೊಂದನ್ನೇ ಎತ್ತಿಕೊಂಡಿದ್ದೇವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ. ರ‍್ಯಾಕ್ ಎಂದರೆ ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಅಡ್ಡ ಸರಳು ಮತ್ತು ಅದರ ಕವಚ.

ಪ್ರಶ್ನೆ: ನಮ್ಮದು 2010ರ ಇನ್ನೋವಾ. ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಬೆಳಗಾಗುವಾಗ ಅಂಗೈಯಗಲ ಕೆಂಪು ಎಣ್ಣೆ ಬಿದ್ದಿರುತ್ತದೆ. ವಾರಕ್ಕೊಮ್ಮೆ ಡಬ್ಬಿಗೆ ಆಯಿಲ್ ತುಂಬಿಸಬೇಕು. ವರ್ಕ್‌ಶಾಪಿನವರು ಅಡಿಗೆ ಟಾರ್ಚ್ ಹಾಕಿ ನೋಡಿ, ರ‍್ಯಾಕ್ ಹೋಗಿದೆ, ಇಡೀ ಬದಲಿಸಬೇಕು ಎಂದರು. ಹೌದೇ?
— ಬದಿಯಡ್ಕದ ಓದುಗರು

ಉತ್ತರ: ಇರಬಹುದು. ಆದರೆ ಟಾರ್ಚ್ ಹಾಕಿ ನೋಡಿದ ಮಾತ್ರಕ್ಕೆ ಹೇಳಲು ಬರುವುದಿಲ್ಲ. ಎಣ್ಣೆ ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಮೇಲಿನ ಹೋಸಿನಿಂದ ಒಸರಿದ್ದು ರ‍್ಯಾಕ್ ಮೇಲೆ ಹರಿದು, ಅದರ ತಗ್ಗಿನ ತುದಿಯಿಂದ ನೆಲಕ್ಕೆ ಬೀಳುತ್ತದೆ. ಗಾಡಿ ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಸವರಿಬಿಡುತ್ತದೆ. ಆಮೇಲೆ ಇಡೀ ರ‍್ಯಾಕ್ ಒದ್ದೆಯಾಗಿ ಕಾಣುತ್ತದೆ, ತಪ್ಪು ಅದರ ತಲೆಗೆ ಬರುತ್ತದೆ.

ಮೊದಲು ಎಣ್ಣೆ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ರಾತ್ರಿ ಗಾಡಿಯ ಅಡಿಗೆ ಬಿಳಿ ರಟ್ಟು ಹಾಸಿ. ಇನ್ನೋವಾದ ಪವರ್ ಸ್ಟಿಯರಿಂಗಿಗೆ ಹಾಕುವುದು ಡೆಕ್ಸ್‌ರಾನ್ 2 ಅಥವಾ 3 ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗಿಯರಿಗೂ ಹಾಕುವ ಎಣ್ಣೆ). ಹೊಸತಿದ್ದಾಗ ತೆಳು ಕೆಂಪು, ಹಳತಾದಂತೆ ಕಂದು. ಎಂಜಿನ್ ಆಯಿಲಿನ ಕಲೆ ಕಪ್ಪು, ದಪ್ಪ. ಕೂಲೆಂಟ್ ಕೆಂಪಿರಲೂಬಹುದು, ಆದರೆ ಬೆರಳಿಗೆ ಎಣ್ಣೆಗಿಂತ ನೀರಾಗಿ ತಾಗುತ್ತದೆ.

ಆಮೇಲೆ ರ‍್ಯಾಕ್, ಪಂಪ್, ಹೋಸುಗಳು ಎಲ್ಲವನ್ನೂ ಡಿಗ್ರೀಸರ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಈ ಕೆಲಸಕ್ಕೆ ಅರ್ಧ ಗಂಟೆ ಬೇಕು, ಇದನ್ನು ಮಾಡದೆ ಮುಂದಿನದ್ದಕ್ಕೆ ಅರ್ಥವಿಲ್ಲ. ಡಬ್ಬಿಯಲ್ಲಿ ಗೆರೆಯವರೆಗೆ ಆಯಿಲ್ ತುಂಬಿಸಿ, ಎಂಜಿನ್ ಚಾಲೂ ಮಾಡಿ. ಒಬ್ಬರು ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನ ತಿರುಗಿಸುತ್ತಿರಲಿ, ಇನ್ನೊಬ್ಬರು ನೋಡಲಿ. ಗಾಡಿಯನ್ನು ಎತ್ತಿದ್ದರೆ ಸ್ಟ್ಯಾಂಡಿನ ಮೇಲೆಯೇ ಇರಬೇಕು, ಬರೀ ಜಾಕಿನ ಮೇಲೆ ಅಲ್ಲ. ಕೊನೆ ಮುಟ್ಟಿದಾಗ 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಆಗ ಪಂಪಿನ ಒತ್ತಡ 70 ಬಾರ್ ದಾಟಿ, ರಿಲೀಫ್ ವಾಲ್ವ್ ತೆರೆದು, ಆಯಿಲ್ ಅಲ್ಲಲ್ಲೇ ಸುತ್ತಿ ಬಿಸಿಯೇರುತ್ತದೆ. ಸೋರಿಕೆ ಹೊರಬೀಳುವುದು ಈ ಒತ್ತಡದಲ್ಲೇ.

ನೋಡಬೇಕಾದ ಕ್ರಮ ಮೇಲಿನಿಂದ ಕೆಳಕ್ಕೆ. ಡಬ್ಬಿಯ ರಿಟರ್ನ್ ಹೋಸಿನ ಬಾಯಿ: ರಬ್ಬರ್ ಗಟ್ಟಿಯಾಗಿ ಕ್ಲಿಪ್ ಸಡಿಲವಾಗಿದ್ದರೆ ಒಂದಡಿ ಆಯಿಲ್ ಹೋಸ್ ಮತ್ತು ಎರಡು ಕ್ಲಿಪ್‌ನಲ್ಲಿ ಕೆಲಸ ಮುಗಿಯಿತು, ರೇಡಿಯೇಟರಿನ ನೀರಿನ ಹೋಸ್ ಇಲ್ಲಿ ನಡೆಯದು, ಎಣ್ಣೆಗೆ ಉಬ್ಬಿ ಕಳಚುತ್ತದೆ. ಪಂಪಿನ ಪುಲ್ಲಿಯ ಹಿಂದೆ ಒದ್ದೆಯಿದ್ದು ಸುತ್ತಲೂ ಎಣ್ಣೆ ಎರಚಿದ್ದರೆ ಪಂಪಿನ ಶಾಫ್ಟ್ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಹೋಗಿದೆ. ಪ್ರೆಶರ್ ಹೋಸಿನಲ್ಲಿ ಕಬ್ಬಿಣದ ಕೊಳವೆಯೂ ರಬ್ಬರೂ ಸೇರುವಲ್ಲಿ ಒತ್ತಿ ಕೂರಿಸಿದ ಕಾಲರ್ ಇದೆ, ಅದರ ಅಂಚು ಒಸರುತ್ತಿದ್ದರೆ ಹೋಸೇ ಬದಲಾಗಬೇಕು. ಟೇಪು, ತಂತಿ, ಎಂ-ಸೀಲ್ ಯಾವುದೂ ಅಷ್ಟು ಒತ್ತಡಕ್ಕೆ ನಿಲ್ಲದು. ಬ್ಯಾಂಜೋ ಬೋಲ್ಟಿನ (ಎಣ್ಣೆ ಹಾಯಲು ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಶರ್ ಹಳತಾಗಿದ್ದರೂ ಹೀಗೆಯೇ ಒಸರುತ್ತದೆ. ಕೊನೆಗೆ ರ‍್ಯಾಕಿನ ಮೈಮೇಲೆ ಓಡುವ ಎರಡು ತೆಳು ಉಕ್ಕಿನ ಕೊಳವೆಗಳು. ಉಪ್ಪಳ, ಮಂಜೇಶ್ವರದ ಕಡಲ ಬದಿಯ ಗಾಡಿಗಳಲ್ಲಿ ಇವು ಹೊರಗಿನಿಂದಲೇ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗುವುದುಂಟು. ಇವನ್ನು ಮಾತ್ರ ಹೊಸತು ಹಾಕಿದರೆ ಸಾಕು, ಇದಕ್ಕಾಗಿ ರ‍್ಯಾಕ್ ಬದಲಿಸುವುದು ದುಂದು.

ಇಷ್ಟೆಲ್ಲ ಒಣಗಿದ್ದು ಎರಡು ಬದಿಯ ರಬ್ಬರ್ ಬೂಟುಗಳಲ್ಲೋ (ಸರಳಿನ ತುದಿ ಮುಚ್ಚುವ ಮಡಿಕೆ ಮಡಿಕೆಯ ಚೀಲ) ಪಿನಿಯನ್ (ರ‍್ಯಾಕಿನ ಹಲ್ಲುಗಳನ್ನು ಸರಿಸುವ ಸಣ್ಣ ಗಿಯರ್) ಬಳಿಯೋ ಎಣ್ಣೆ ಸಿಕ್ಕರೆ ಮಾತ್ರ ರ‍್ಯಾಕ್ ಸೋರುತ್ತಿದೆ ಎನ್ನಬಹುದು. ಕಾಲಿಡುವಲ್ಲಿ ಕಾರ್ಪೆಟ್ ಎಣ್ಣೆಯಾಗಿದ್ದರೆ ಸ್ಟಿಯರಿಂಗ್ ಕಾಲಂ ಬಂದು ಸೇರುವ ಪಿನಿಯನ್ನಿನ ಮೇಲಿನ ಸೀಲನ್ನೂ ಶಂಕಿಸಿ.

ಪ್ರಶ್ನೆ: ಎಡ ಚಕ್ರದ ಕಡೆಯ ಬೂಟ್ ಹಿಸುಕಿದಾಗ ಒಳಗೆ ಎಣ್ಣೆ ಪಿಚಕ್ ಎನ್ನುತ್ತದೆ, ಬಲಬದಿ ಒಣಗಿದೆ. ಇದರಿಂದ ಯಾವ ಸೀಲ್ ಎಂದು ಗೊತ್ತಾಗುತ್ತದೆಯೇ?
— ಕುಂಬಳೆಯ ಓದುಗರು

ಉತ್ತರ: ಬಹುಮಟ್ಟಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಬಲಬದಿಯಲ್ಲಿ ಕೂತು ಓಡಿಸುವ ಗಾಡಿಗಳಾದ್ದರಿಂದ ಪಿನಿಯನ್ ಮತ್ತು ಹಲ್ಲುಗಳು ರ‍್ಯಾಕಿನ ಬಲತುದಿಗೆ ಇರುತ್ತವೆ. ಎಡಭಾಗ ಬರೀ ನುಣುಪು ಸರಳು, ಅದರ ನಡುವೆ ಪಿಸ್ಟನ್. ಪಿಸ್ಟನ್ನಿನ ಎರಡು ಬದಿಗೂ ಆಯಿಲ್ ಒತ್ತಡದಲ್ಲಿ ನುಗ್ಗುತ್ತದೆ. ಅದನ್ನು ತಡೆಯಲು ಎಡತುದಿಯಲ್ಲೊಂದು ಹೊರ ಸೀಲ್, ಪಿಸ್ಟನ್ನಿಗೂ ಹಲ್ಲುಗಳಿಗೂ ನಡುವೆ ಒಂದು ಒಳ ಸೀಲ್. ಎಡ ಬೂಟಿನಲ್ಲಿ ಎಣ್ಣೆ ಎಂದರೆ ಹೊರ ಸೀಲ್. ಬಲ ಬೂಟಿನಲ್ಲಿ ಎಣ್ಣೆ ಎಂದರೆ ಒಳ ಸೀಲ್ ಇರಬಹುದು, ಆಯಿಲನ್ನು ಎಡಕ್ಕೋ ಬಲಕ್ಕೋ ಬಿಡುವ ಪಿನಿಯನ್ ವಾಲ್ವಿನ ಕೆಳಗಿನ ಸೀಲೂ ಇರಬಹುದು.

ಎರಡೂ ಬೂಟಿನಲ್ಲಿ ಎಣ್ಣೆ ಕಂಡರೆ ಎರಡೂ ಸೀಲ್ ಹೋಗಿವೆ ಎಂದು ಹೆದರಬೇಕಿಲ್ಲ. ಒಂದು ಬೂಟ್ ಕುಗ್ಗುವಾಗ ಇನ್ನೊಂದು ಹಿಗ್ಗುತ್ತದೆ, ಆ ಗಾಳಿ ಓಡಾಡಲು ಹಲವು ರ‍್ಯಾಕುಗಳಲ್ಲಿ ಎರಡನ್ನೂ ಸೇರಿಸುವ ಸಣ್ಣ ಉಸಿರು ಕೊಳವೆ ಇರುತ್ತದೆ. ಎಣ್ಣೆ ಅದರ ಮೂಲಕ ಆಚೆಗೂ ಹೋಗುತ್ತದೆ. ಯಾವ ಬದಿ ಹೆಚ್ಚು ತುಂಬಿದೆಯೋ ಅಲ್ಲಿಂದ ಲೆಕ್ಕ ಹಾಕಿ. ಸರಳನ್ನು ಚಕ್ರಕ್ಕೆ ಸೇರಿಸುವ ಟೈ ರಾಡಿನ ಬಾಲ್ ಮೇಲೆ ಕಪ್ಪು ಗ್ರೀಸ್ ತುಸು ಕಂಡರೆ ಅದು ಸೋರಿಕೆಯಲ್ಲ.

ಹಿಸುಕಿ ನೋಡಿ ಸುಮ್ಮನಾಗಬೇಡಿ. ಬೂಟಿನ ಹೊರತುದಿಯ ಕ್ಲಿಪ್ ತೆಗೆದು, ಬೂಟನ್ನು ಹಿಂದಕ್ಕೆ ಮಡಚಿ, ಚಕ್ರವನ್ನು ಪೂರ್ತಿ ತಿರುಗಿಸಿ ಸರಳು ಆದಷ್ಟು ಹೊರಬರುವಂತೆ ಮಾಡಿ. ಎಂಜಿನ್ ನಿಲ್ಲಿಸಿ. ಬಟ್ಟೆಯಲ್ಲಿ ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ. ಸರಳು ಕನ್ನಡಿಯಂತೆ ಹೊಳೆಯಬೇಕು. ಕಂದು ಚುಕ್ಕೆಗಳಿದ್ದರೆ ಉಗುರನ್ನು ಸರಳಿನ ಉದ್ದಕ್ಕೆ ಎಳೆಯಿರಿ. ಬರೀ ಬಣ್ಣವಾದರೆ ಉಗುರು ಜಾರುತ್ತದೆ. ಟಕ್ ಎಂದು ಸಿಕ್ಕಿಕೊಂಡರೆ ಅದು ತುಕ್ಕಿನ ಗುಳಿ. ಕಾರಿನ ರ‍್ಯಾಕ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು 150 ಮಿಲಿಮೀಟರ್ ಸರಿಯುತ್ತದೆ. ಅಷ್ಟುದ್ದದಲ್ಲಿ ಒಂದೇ ಒಂದು ಗುಳಿಯಿದ್ದರೂ ಸ್ಟಿಯರಿಂಗ್ ತಿರುಗಿದಾಗಲೆಲ್ಲ ಅದರ ಅಂಚು ಸೀಲಿನ ತುಟಿಯನ್ನು ಕೆರೆಯುತ್ತದೆ.

ಈ ಗುಳಿ ಬರುವುದು ಹರಿದ ಬೂಟಿನಿಂದ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ತೋಟಕ್ಕಿಳಿಯುವ ದಾರಿಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ನೀರು ಚಕ್ರದಿಂದ ಎರಚಿ ಬೂಟಿನ ಬಿರುಕಿನೊಳಗೆ ಸೇರುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಮನೆಯಲ್ಲಿ ಗಾಡಿ ನಾಲ್ಕು ದಿನ ಸುಮ್ಮನೆ ನಿಂತರೆ ಸರಳಿನ ಮೇಲೆ ತುಕ್ಕು ಕೂತಾಯಿತು. ಹೀಗಾಗಿ ಸೀಲ್ ಹೋಯಿತು ಎನ್ನುವುದು ಅರ್ಧ ಉತ್ತರ. ಯಾಕೆ ಹೋಯಿತು ಎಂದು ಕೇಳದೆ ಹಾಕಿದ ಹೊಸ ಸೀಲ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಪ್ರಶ್ನೆ: ಸೀಲ್ ಕಿಟ್ ಹಾಕಿಸಿ ಎರಡು ತಿಂಗಳೂ ಆಗಿಲ್ಲ, ಮತ್ತೆ ಅದೇ ಕಥೆ. ಕಿಟ್ ಎಂದರೆ ದುಡ್ಡು ದಂಡವೇ? ಹೊಸ ರ‍್ಯಾಕ್ ಹಾಕಿಸಲೇ, ರೀಕಂಡಿಶನ್ ಮಾಡಿದ್ದು ತರಲೇ? ಗಾಡಿ ಹಳೆಯ ಸ್ಕಾರ್ಪಿಯೋ.
— ಮುಳ್ಳೇರಿಯದ ಓದುಗರು

ಉತ್ತರ: ಕಿಟ್ ದಂಡವಲ್ಲ. ಸರಳು ಚೆನ್ನಾಗಿದ್ದು ಕೈ ಸರಿಯಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಎರಡು ತಿಂಗಳಲ್ಲಿ ಸೋರಿತೆಂದರೆ ಕಾರಣ ಈ ಐದರಲ್ಲಿ ಒಂದು.

ಮೊದಲನೆಯದು ಮೇಲೆ ಹೇಳಿದ ಗುಳಿ. ಹತ್ತರಲ್ಲಿ ಏಳೆಂಟು ಇದೇ ಎಂಬುದು ನಮ್ಮ ಅಂದಾಜು. ಉಗುರಿಗೆ ಸಿಗದ ತೆಳು ತುಕ್ಕನ್ನು 1500 ಅಥವಾ 2000 ನಂಬರಿನ ನೀರು ಕಾಗದಕ್ಕೆ (ನುಣ್ಣಗಿನ ಉಜ್ಜು ಕಾಗದ) ಎಣ್ಣೆ ಹಚ್ಚಿ ತೆಗೆಯಬಹುದು. ಆದರೆ ಸರಳಿನ ಸುತ್ತ ಉಜ್ಜಬೇಕು, ಉದ್ದಕ್ಕೆ ಅಲ್ಲ. ಉದ್ದದ ಗೀರು ಒಂದೊಂದೂ ಎಣ್ಣೆಗೆ ಒಂದೊಂದು ಚಾನಲ್. ಗುಳಿ ಆಳವಿದ್ದರೆ ಹಾರ್ಡ್ ಕ್ರೋಮ್ ಏರಿಸಿ ಮೊದಲಿನ ಅಳತೆಗೇ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಸರಳು ಬದಲಿಸಬೇಕು. ಲೇತಿನಲ್ಲಿ ಬರೀ ಗ್ರೈಂಡ್ ಮಾಡಿ ತೆಳುಮಾಡಿದ ಸರಳಿಗೆ ಸೀಲ್ ಹಿಡಿಯುವುದಿಲ್ಲ. ಗುಳಿಗೆ ವೆಲ್ಡಿಂಗ್ ಹಾಕಿ ತುಂಬಿಸುತ್ತೇವೆ ಎಂದವರಿಂದ ಗಾಡಿ ವಾಪಸ್ ತನ್ನಿ. ಆ ಸರಳನ್ನು ಹದವಾಗಿ ಕಾಯಿಸಿ ಗಡಸು ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಆ ಹದ ಕೆಟ್ಟು ಸರಳು ತುಂಡಾದರೆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ.

ಎರಡನೆಯದು ಎಡತುದಿಯ ಬುಶ್. ಸರಳು ಆಚೀಚೆ ಆಡದಂತೆ ಸೀಲಿನ ನಟ್ಟನಡುವೆ ಹಿಡಿದಿಡುವ ಬಳೆ ಈ ಬುಶ್. ಅದು ಸವೆದರೆ ಸರಳು ಮೇಲೆ ಕೆಳಗೆ ಆಡುತ್ತದೆ, ಸೀಲಿನ ತುಟಿ ಒಂದು ಬದಿಗೆ ಒತ್ತಿ ಇನ್ನೊಂದು ಬದಿಯಲ್ಲಿ ಬಿಡುತ್ತದೆ. ಬೂಟ್ ತೆಗೆದಾಗ ಸರಳಿನ ತುದಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ ನೋಡಿ, ಆಟ ಕೈಗೇ ತಿಳಿಯುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಬುಶ್ ಇರುವುದಿಲ್ಲ, ಬೇರೆಯೇ ಕೇಳಿ ತರಿಸಬೇಕು. ಇದನ್ನು ಮರೆತವರೇ ಹೆಚ್ಚು.

ಮೂರನೆಯದು ಜೋಡಿಸುವಾಗಿನ ಗಾಯ. ಒಳ ಸೀಲನ್ನು ದಾಟಿಸುವಾಗ ಹಲ್ಲುಗಳ ಚೂಪು ಅಂಚು ಸೀಲಿನ ತುಟಿಯನ್ನು ಕೊಯ್ಯುತ್ತದೆ. ಬಲ್ಲ ಮೆಕ್ಯಾನಿಕ್ ಹಲ್ಲುಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತುತ್ತಾನೆ. ಹಳೆಯ ಎಕ್ಸ್‌ರೇ ಫಿಲ್ಮ್ ಇದಕ್ಕೆ ಹೇಳಿ ಮಾಡಿಸಿದ್ದು. ಸೀಲಿನ ಒಳಗಿನ ಸ್ಪ್ರಿಂಗ್ ಇರುವ ಮುಖ ಒತ್ತಡದ ಆಯಿಲ್ ಕಡೆಗೆ, ಅಂದರೆ ಪಿಸ್ಟನ್ ಕಡೆಗೆ ಇರಬೇಕು. ತಿರುವುಮುರುವಾದರೆ ಮೊದಲ ದಿನವೇ ಸೋರುತ್ತದೆ.

ನಾಲ್ಕನೆಯದು ಟೆಫ್ಲಾನ್ ರಿಂಗುಗಳು. ಪಿಸ್ಟನ್ ಮೇಲೊಂದು, ವಾಲ್ವಿನ ಮೇಲೆ ಸಾಮಾನ್ಯವಾಗಿ ನಾಲ್ಕು. ಇವು ರಬ್ಬರಿನಂತೆ ಎಳೆದು ಬಿಟ್ಟರೆ ತಾವಾಗಿ ಕುಗ್ಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಹಿಗ್ಗಿಸಿ ಕೂರಿಸಬೇಕು, ಆಮೇಲೆ ನುಣುಪು ಕೊಳವೆ ತೊಡಿಸಿ ಅಳತೆಗೆ ಕುಗ್ಗಿಸಬೇಕು. ಹಿಗ್ಗಿದಂತೆಯೇ ತೂರಿಸಿದರೆ ರಿಂಗಿನ ಅಂಚು ಸಿಗಿದು ಹೋಗುತ್ತದೆ. ಹೊರಗೆ ಹನಿ ಬೀಳುವುದಿಲ್ಲ, ಆದರೆ ಒಂದು ಬದಿಗೆ ಸ್ಟಿಯರಿಂಗ್ ಭಾರ. ವಾಲ್ವಿನ ಹೊರಕೊಳವೆಯನ್ನೂ (ಸ್ಲೀವ್) ಒಳಗಿನ ಟಾರ್ಶನ್ ಬಾರನ್ನೂ (ತಿರುಚುವ ಸರಳು) ಬೇರೆ ಮಾಡಲೇಬಾರದು. ಅವನ್ನು ಕಾರ್ಖಾನೆಯಲ್ಲಿ ತೂಗಿಸಿ ಪಿನ್ ಹೊಡೆದಿರುತ್ತಾರೆ.

ಐದನೆಯದು ಕೊಳೆ. ರ‍್ಯಾಕ್ ಹೊಸತಾಗಿ, ಪಂಪು ಮತ್ತು ಹೋಸಿನೊಳಗೆ ಹಳೆಯ ಕಪ್ಪು ಆಯಿಲ್ ಉಳಿದರೆ ಅದರಲ್ಲಿರುವ ಲೋಹದ ಪುಡಿ ಹೊಸ ಸೀಲನ್ನು ಅರೆಯುತ್ತದೆ.

ಇನ್ನು ನಿಮ್ಮ ಆಯ್ಕೆ. ಸರಳು ನುಣುಪಾಗಿದ್ದರೆ ಕಿಟ್ ಮತ್ತು ಬುಶ್ ಹಾಕಿಸಿ. ಗುಳಿ ಬಿದ್ದಿದ್ದರೆ ಕಿಟ್ ಹಾಕಿಸಬೇಡಿ, ಕ್ರೋಮ್ ಮಾಡಿಸಿ ಅಥವಾ ರ‍್ಯಾಕ್ ಬದಲಿಸಿ. ರೀಕಂಡಿಶನ್ ರ‍್ಯಾಕ್ ತರುವುದಾದರೆ ಕಪ್ಪು ಬಣ್ಣ ಹೊಡೆದು ಫಳಫಳ ಹೊಳೆಯುವ ಹೊರಮೈಗೆ ಮರುಳಾಗಬೇಡಿ. ಅಂಗಡಿಯಲ್ಲೇ ಬೂಟ್ ಸರಿಸಿ ಸರಳಿಗೆ ಉಗುರು ಹಾಕಿ. ಬೆಂಚಿನ ಮೇಲೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿದ್ದಾರೆಯೇ ಕೇಳಿ. ಗ್ಯಾರಂಟಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತಿನ ಆರು ತಿಂಗಳು ಮಂಗಳೂರಿನಿಂದ ಮುಳ್ಳೇರಿಯ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಗುಜರಿಯಿಂದ ತಂದ ರ‍್ಯಾಕ್ ಬೇಡ. ಅಪಘಾತವಾದ ಗಾಡಿಯದ್ದಾದರೆ ಸರಳು ಬಾಗಿರುವ ಸಾಧ್ಯತೆಯಿದೆ, ಬಾಗಿದ ಸರಳನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ.

ಪ್ರಶ್ನೆ: ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತದಲ್ಲ, ಅದನ್ನು ಹಾಕಿದರೆ? ಆಯಿಲ್ ಸಿಗದಿದ್ದಾಗ ಬ್ರೇಕ್ ಆಯಿಲ್ ಹಾಕಬಹುದೇ?
— ಉಪ್ಪಳದ ಓದುಗರು

ಉತ್ತರ: ಬಾಟಲಿಯಲ್ಲಿರುವುದು ರಬ್ಬರನ್ನು ಉಬ್ಬಿಸುವ, ಮೆತ್ತಗೆ ಮಾಡುವ ದ್ರವ. ವಯಸ್ಸಾಗಿ ಗಟ್ಟಿಯಾದ ಸೀಲ್ ತುಸು ಒಸರುತ್ತಿದ್ದರೆ ಕೆಲವು ಕಾಲ ತಡೆಯುತ್ತದೆ. ಗುಳಿ ಬಿದ್ದ ಸರಳಿಗೆ, ಹರಿದ ಸೀಲಿಗೆ, ತುಕ್ಕು ತಿಂದ ಕೊಳವೆಗೆ ಅದರಿಂದ ಏನೂ ಆಗದು. ಗಾಡಿ ಮಾರುವ ಮೊದಲು ಇದನ್ನು ಹಾಕುವವರಿದ್ದಾರೆ, ಕೊಳ್ಳುವವರು ನೆನಪಿಡಿ.

ಬ್ರೇಕ್ ಆಯಿಲ್ ಒಂದು ಚಮಚವೂ ಬೇಡ. ಅದು ಗ್ಲೈಕಾಲ್ ಜಾತಿಯದ್ದು, ಸ್ಟಿಯರಿಂಗಿನ ಸೀಲುಗಳ ರಬ್ಬರಿಗೆ ಹೊಂದದು. ಒಂದು ಸೀಲ್ ಸೋರುತ್ತಿದ್ದದ್ದು ಎಲ್ಲವೂ ಸೋರುವಂತಾಗುತ್ತದೆ. ತಪ್ಪಿ ಹಾಕಿದ್ದರೆ ಎಂಜಿನ್ ಚಾಲೂ ಮಾಡದೆ ಡಬ್ಬಿಯಿಂದ ಪೂರ್ತಿ ಎಳೆದು ತೆಗೆಯಿರಿ. ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಹೋಂಡಾಕ್ಕೆ ಅದರದ್ದೇ ಪಿಎಸ್ಎಫ್ (ಪವರ್ ಸ್ಟಿಯರಿಂಗ್ ಫ್ಲೂಯಿಡ್), ಹಳೆಯ ಸ್ಕೋಡಾ ಆಕ್ಟೇವಿಯಾದಂಥವಕ್ಕೆ ಹಸಿರು ಹೈಡ್ರಾಲಿಕ್ ಆಯಿಲ್. ಹಸಿರು ಮತ್ತು ಕೆಂಪನ್ನು ಬೆರೆಸಬೇಡಿ.

ಪ್ರಶ್ನೆ: ಮನೆಯಲ್ಲಿ ಸಲಕರಣೆ ಇದೆ, ಜೀಪು ಬಿಚ್ಚಿ ಕಟ್ಟಿದ ಅಭ್ಯಾಸವೂ ಇದೆ. ರ‍್ಯಾಕ್ ನಾವೇ ಇಳಿಸಿ ಲೇತಿಗೆ ಒಯ್ಯಬಹುದೇ? ಜಾಗ್ರತೆ ಎಲ್ಲಿ?
— ಪೆರ್ಲದ ಓದುಗರು

ಉತ್ತರ: ರ‍್ಯಾಕ್ ಕೆಳಗಿನಿಂದ ಕೈಗೆ ಸಿಗುವ ಗಾಡಿಯಾದರೆ ಒಂದು ದಿನದ ಕೆಲಸ. ಎಂಜಿನ್ ಅಡ್ಡ ಕೂತ ಹಲವು ಸಣ್ಣ ಕಾರುಗಳಲ್ಲಿ ಸಬ್‌ಫ್ರೇಮ್ (ಅಡಿಯ ಚೌಕಟ್ಟು) ಇಳಿಸದೆ ರ‍್ಯಾಕ್ ಹೊರಬರುವುದಿಲ್ಲ, ಅಂಥದ್ದನ್ನು ಲಿಫ್ಟ್ ಇರುವಲ್ಲಿಗೇ ಬಿಡಿ.

ಎಲ್ಲಕ್ಕೂ ಮೊದಲು ಚಕ್ರಗಳನ್ನು ನೇರ ನಿಲ್ಲಿಸಿ, ಸ್ಟಿಯರಿಂಗ್ ವೀಲನ್ನು ಸೀಟ್ ಬೆಲ್ಟಿನಿಂದ ಅಲುಗದಂತೆ ಕಟ್ಟಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಇದು ತಪ್ಪಬಾರದು. ಕಾಲಂ ಕಳಚಿದ ಮೇಲೆ ಯಾರೋ ವೀಲನ್ನು ಸುಮ್ಮನೆ ನಾಲ್ಕು ಸುತ್ತು ತಿರುಗಿಸಿದರೆ ಒಳಗಿನ ಸುರುಳಿ ಕೇಬಲ್ ತುಂಡಾಗುತ್ತದೆ. ಹಾರ್ನ್ ಹೋಗುತ್ತದೆ, ಏರ್‌ಬ್ಯಾಗ್ ದೀಪ ಉರಿಯುತ್ತದೆ, ಖರ್ಚು ರ‍್ಯಾಕ್ ರಿಪೇರಿಯಷ್ಟೇ ಆಗಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ. ಟೊಯೊಟಾದವರು ಆಮೇಲೆ 90 ಸೆಕೆಂಡ್ ಕಾಯಲು ಹೇಳುತ್ತಾರೆ.

ಕಾಲಂ ಮತ್ತು ಪಿನಿಯನ್ ಸೇರುವ ಜಾಯಿಂಟಿನಲ್ಲಿ ಎರಡರ ಮೇಲೂ ಹಾಯುವಂತೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಟೈ ರಾಡ್ ತುದಿಯ ಸ್ಪ್ಲಿಟ್ ಪಿನ್, ನಟ್ ತೆಗೆದು ಪುಲ್ಲರ್ ಹಾಕಿ. ಪುಲ್ಲರ್ ಇಲ್ಲದಿದ್ದರೆ ಚಕ್ರದ ಬದಿಯ ನಕಲ್ ತೋಳಿನಲ್ಲಿ ಟೈ ರಾಡ್ ಕೂತ ಕಣ್ಣಿನ ಬದಿಗೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು, ಬೋಲ್ಟಿನ ತಲೆಗೆ ಮಾತ್ರ ಹೊಡೆಯಬೇಡಿ. ತುದಿಯನ್ನು ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ.

ಕೊಳವೆಗಳ ನಟ್‌ಗೆ ಸುತ್ತಲೂ ಹಿಡಿಯುವ ಫ್ಲೇರ್ ಸ್ಪ್ಯಾನರ್ ಬೇಕೇ ಬೇಕು. ತುಕ್ಕು ಹಿಡಿದ ನಟ್‌ಗೆ ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬಿಚ್ಚಿದ ಕೂಡಲೇ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ಒಂದು ಮರಳ ಕಣ ಒಳಹೋದರೂ ವಾಲ್ವ್ ಕೆಡುತ್ತದೆ. ಕೆಳಗೆ ಬೇಸಿನ್ ಇಡಿ, ಒಂದು ಲೀಟರಿನಷ್ಟು ಬರಬಹುದು. ಆ ಎಣ್ಣೆಯನ್ನು ಬೇಲಿ ಗೂಟಕ್ಕೆ ಗೆದ್ದಲು ಬರದಂತೆ ಸವರುವುದು ನಮ್ಮಲ್ಲಿ ರೂಢಿ. ಬಾವಿಯ ಹತ್ತಿರ ಮಾಡಬೇಡಿ. ಮುರಕಲ್ಲು ಎಣ್ಣೆಯನ್ನು ತಡೆಯುವುದಿಲ್ಲ, ಮಳೆಗೆ ಸೀದಾ ಒರತೆಗೆ ಇಳಿಯುತ್ತದೆ. ಕ್ಯಾನಿಗೆ ತುಂಬಿಸಿ ವರ್ಕ್‌ಶಾಪಿಗೆ ಕೊಡಿ.

ಬಿಚ್ಚುವುದು ಇಲ್ಲಿಗೆ ಸಾಕು. ರ‍್ಯಾಕಿನ ಒಳಗಿನ ಕೆಲಸಕ್ಕೆ ಉದ್ದ ಸೀಲ್ ಪುಲ್ಲರ್, ಸರಳಿನ ಬಾಗು ನೋಡಲು ಡಯಲ್ ಗೇಜ್, ಬಿಗಿತವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುವ ಟಾರ್ಕ್ ರೆಂಚ್ ಬೇಕು. ಮುಖ್ಯವಾದದ್ದು ರ‍್ಯಾಕ್ ಗೈಡ್: ಸರಳನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಮುಚ್ಚಳ. ಟೊಯೊಟಾದ ಹಲವು ಮಾದರಿಗಳಲ್ಲಿ ಅದನ್ನು 25 ನ್ಯೂಟನ್ ಮೀಟರಿಗೆ ಬಿಗಿದು 12 ಡಿಗ್ರಿ ಹಿಂದೆ ಬಿಡುತ್ತಾರೆ. ಬೇರೆ ಗಾಡಿಗೆ ಬೇರೆ ಅಂಕಿ. ಹೆಚ್ಚು ಬಿಗಿದರೆ ತಿರುವು ಮುಗಿದ ಮೇಲೂ ವೀಲ್ ತಾನಾಗಿ ನೇರಕ್ಕೆ ಬರುವುದಿಲ್ಲ, ಸಡಿಲ ಬಿಟ್ಟರೆ ಹೊಂಡ ಹಾರಿದಾಗ ಕಟಕಟ ಸದ್ದು. ಪಿನಿಯನ್ ಒಂದು ಹಲ್ಲು ಆಚೀಚೆ ಕೂತರೂ ವೀಲ್ ಓರೆಯಾಗುತ್ತದೆ.

ಮರಳಿ ಜೋಡಿಸುವಾಗ ತಾಮ್ರದ ವಾಶರ್, ಸ್ಪ್ಲಿಟ್ ಪಿನ್, ಎರಡೂ ಬೂಟ್ ಹೊಸತೇ ಇರಲಿ. ಬೂಟ್ ತಿರುಚಿಕೊಳ್ಳದಂತೆ ನೋಡಿ, ಉಸಿರು ಕೊಳವೆಯ ತೂತು ಮುಚ್ಚಿ ಹೋಗಬಾರದು. ಎಣಿಸಿದ ಸುತ್ತಿನಷ್ಟೇ ಟೈ ರಾಡ್ ತುದಿ ಕೂರಿಸಿದರೆ ಅಲೈನ್‌ಮೆಂಟ್ ಅಂಗಡಿಯವರೆಗೆ ಹೋಗಲು ಅಡ್ಡಿಯಿಲ್ಲ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಮುಂದಿನ ಟೈರುಗಳ ಅಂಚು ಬೇಗನೆ ಬೋಳಾಗುತ್ತದೆ.

ಪ್ರಶ್ನೆ: ರ‍್ಯಾಕ್ ಸರಿಮಾಡಿಸಿ ಆಯಿಲ್ ತುಂಬಿಸಿದ ಮೇಲೆ ತಿರುಗಿಸುವಾಗ ಗುಂಯ್ ಎನ್ನುತ್ತದೆ, ಡಬ್ಬಿಯಲ್ಲಿ ನೊರೆ. ಪಂಪೂ ಹೋಯಿತೇ?
— ಮಂಜೇಶ್ವರದ ಓದುಗರು

ಉತ್ತರ: ಇಲ್ಲ, ಗಾಳಿ ಸೇರಿದೆ. ಮುಂದಿನ ಚಕ್ರಗಳನ್ನು ನೆಲ ಬಿಟ್ಟು ಎತ್ತಿ ಸ್ಟ್ಯಾಂಡ್ ಕೊಡಿ. ಎಂಜಿನ್ ಚಾಲೂ ಮಾಡಬೇಡಿ. ವೀಲನ್ನು ಕೊನೆಯಿಂದ ಕೊನೆಗೆ 15–20 ಸಲ ನಿಧಾನ ತಿರುಗಿಸಿ, ಡಬ್ಬಿ ಖಾಲಿಯಾಗದಂತೆ ತುಂಬಿಸುತ್ತಿರಿ. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಇನ್ನೂ ಕೆಲವು ಸಲ. ಅವಸರದಲ್ಲಿ ಆರಂಭದಲ್ಲೇ ಎಂಜಿನ್ ಹಾಕಿದರೆ ಪಂಪ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಆಮೇಲೆ ಅದು ಇಳಿಯಲು ಗಂಟೆಗಟ್ಟಲೆ ಬೇಕು. ಕೊನೆಗೆ ಎಂಜಿನ್ ನಿಲ್ಲಿಸಿ ಡಬ್ಬಿಯ ಮಟ್ಟ ನೋಡಿ. ನಿಲ್ಲಿಸಿದಾಗ 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ ಗಾಳಿ ಇನ್ನೂ ಉಳಿದಿದೆ.

ಇಷ್ಟು ಮಾಡಿಯೂ ನೊರೆ ನಿಲ್ಲದಿದ್ದರೆ ಡಬ್ಬಿಯಿಂದ ಪಂಪಿಗೆ ಹೋಗುವ ಹೋಸ್ ನೋಡಿ. ಅದು ಹೀರುವ ಬದಿ. ಅಲ್ಲಿ ಕ್ಲಿಪ್ ಸಡಿಲವಿದ್ದರೆ ಎಣ್ಣೆ ಹೊರಗೆ ಬೀಳುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು, ಹಾಗಾಗಿ ಹೊರಗೆ ಒಣಗಿಯೇ ಇರುತ್ತದೆ.

ಪ್ರಶ್ನೆ: ಸೋರಿಕೆ ಇಲ್ಲ. ಬೆಳಿಗ್ಗೆ ಎಡಕ್ಕೆ ತಿರುಗಿಸಲು ಭಾರ, ಗಾಡಿ ಬಿಸಿಯಾದ ಮೇಲೆ ಸರಿ.
— ಕಾಞಂಗಾಡಿನ ಓದುಗರು

ಉತ್ತರ: ಒಳಸೋರಿಕೆ, ಎಣ್ಣೆ ಹೊರಬೀಳದೆ ಒಳಗೊಳಗೇ ನುಸುಳುತ್ತದೆ. ವಾಲ್ವಿನ ಟೆಫ್ಲಾನ್ ರಿಂಗುಗಳು ಅಲ್ಯೂಮಿನಿಯಂ ಕವಚದಲ್ಲಿ ಕೊರಕಲು ಮಾಡಿದಾಗ ಹೀಗಾಗುತ್ತದೆ. ಪಂಪಿಗೂ ರ‍್ಯಾಕಿಗೂ ನಡುವೆ ಬಂದ್ ಮಾಡುವ ವಾಲ್ವ್ ಇರುವ ಪ್ರೆಶರ್ ಗೇಜ್ ಹಾಕಿಸಿ. ವಾಲ್ವ್ ಮುಚ್ಚಿದಾಗ, ಅದೂ 5 ಸೆಕೆಂಡ್ ಮೀರದೆ, ಪಂಪ್ ತನ್ನ ಪೂರ್ತಿ ಒತ್ತಡ ತೋರಿಸಬೇಕು. ತೆರೆದಿಟ್ಟು ವೀಲನ್ನು ಎಡಕೊನೆಗೆ ಒತ್ತಿದಾಗ ಅಷ್ಟು ಬಾರದಿದ್ದರೆ ತಪ್ಪು ರ‍್ಯಾಕಿನದ್ದು, ಎರಡರಲ್ಲೂ ಬಾರದಿದ್ದರೆ ಪಂಪಿನದ್ದು. ಕವಚದಲ್ಲಿ ಕೊರಕಲು ಬಿದ್ದಿದ್ದರೆ ಕಿಟ್‌ನಿಂದ ಗುಣವಾಗದು.

ಪ್ರಶ್ನೆ: ನಮ್ಮ ವ್ಯಾಗನ್ ಆರ್‌ನ ಸ್ಟಿಯರಿಂಗ್ ಆಯಿಲ್ ಡಬ್ಬಿ ಎಲ್ಲಿದೆ? ಬೂಟಿನ ಬಳಿ ಕಪ್ಪು ಜಿಡ್ಡಿದೆ.
— ನೀರ್ಚಾಲಿನ ಓದುಗರು

ಉತ್ತರ: ಡಬ್ಬಿ ಇಲ್ಲ, ನಿಮ್ಮದು ಕರೆಂಟ್ ಮೋಟಾರಿನ ಸ್ಟಿಯರಿಂಗ್. ಬೂಟ್ ಹರಿದು ಗ್ರೀಸ್ ಹೊರಬಂದಿದೆ. ಬೂಟ್ ಬದಲಿಸಿ. ರ‍್ಯಾಕ್ ಆಯಿಲ್ ಲೀಕ್ ಎಂದು ಯಾರಾದರೂ ಬಿಲ್ ಕೊಟ್ಟರೆ ಡಬ್ಬಿ ತೋರಿಸಿ ಎನ್ನಿ.

ಪ್ರಶ್ನೆ: ಆಯಿಲ್ ತುಂಬಿಸುತ್ತಾ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ದಿನಾ ಓಡಾಡುತ್ತಿದ್ದೇನೆ. ಅಪಾಯವೇ? ಬೂಟ್ ಇಲಿ ಕಡಿದದ್ದು ಎನ್ನುತ್ತಾರೆ, ಹೌದೇ?
— ಅಡೂರಿನ ಓದುಗರು

ಉತ್ತರ: ಆಯಿಲ್ ಪೂರ್ತಿ ಹೋದರೂ ವೀಲಿನಿಂದ ಚಕ್ರದವರೆಗಿನ ಕಬ್ಬಿಣದ ಕೊಂಡಿ ಹಾಗೆಯೇ ಇರುತ್ತದೆ, ಗಾಡಿ ತಿರುಗುತ್ತದೆ. ಆದರೆ ತಿರುವಿನ ನಡುವೆ ಒಮ್ಮೆಗೇ ಭಾರವಾದರೆ ಕೈ ಸಿದ್ಧವಿರುವುದಿಲ್ಲ. ಆಯಿಲಿಲ್ಲದೆ ತಿರುಗಿದ ಪಂಪ್ ಒಳಗೊಳಗೇ ಸವೆದು ಲೋಹದ ಪುಡಿಯನ್ನು ರ‍್ಯಾಕಿಗೆ ಕಳಿಸುತ್ತದೆ, ಆಗ ಎರಡೂ ಬದಲಿಸಬೇಕು. ಹನಿ ಸೈಲೆನ್ಸರ್ ಕೊಳವೆಯ ಮೇಲೆ ಬೀಳುತ್ತಿದ್ದರೆ ಹೊಗೆ, ವಾಸನೆ ಬರುತ್ತದೆ, ಬೆಂಕಿಯ ಭಯವೂ ಇದೆ. ಹಾಗಿದ್ದರೆ ಗಾಡಿ ಓಡಿಸಬೇಡಿ. ಬರೀ ಒಸರು, ತಿಂಗಳಿಗೆ ತುಸು ಇಳಿಯುವಷ್ಟೇ ಆದರೆ ಡಬ್ಬಿ ನೋಡಿಕೊಂಡು ಮಳೆ ಕಳೆಯುವವರೆಗೆ ತಳ್ಳಬಹುದು, ಬೂಟ್ ಹರಿದಿಲ್ಲ ಎಂದಾದರೆ ಮಾತ್ರ.

ಇಲಿಯ ಮಾತು ಸುಳ್ಳಲ್ಲ. ಅಡಕೆ, ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುವವರಿಗೆ ಬೂಟೂ ರಿಟರ್ನ್ ಹೋಸೂ ಎರಡೂ ಹೋಗುತ್ತವೆ. ಹಲ್ಲಿನ ಗುರುತು ಚೂರುಚೂರಾಗಿ ಕಾಣುತ್ತದೆ, ವಯಸ್ಸಿನ ಬಿರುಕು ಮಡಿಕೆಯ ತಗ್ಗಿನಲ್ಲಿ ಉದ್ದಕ್ಕೆ ಇರುತ್ತದೆ. ಮೇ ತಿಂಗಳಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿ, ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಒಂದೊಂದಾಗಿ ನೋಡಿ. ತೊಳೆಯುವಾಗ ಪ್ರೆಶರ್ ಪಂಪಿನ ನೀರನ್ನು ಬೂಟಿನ ಕ್ಲಿಪ್ಪಿಗೆ ನೇರ ಹಿಡಿಯಬೇಡಿ, ಅಂಚಿನಿಂದ ನೀರು ಒಳಹೊಗುತ್ತದೆ. ಬೂಟಿಗೆ ಹೋಗುವುದು ಕೆಲವು ನೂರು ರೂಪಾಯಿ. ಬದಲಿಸುವಾಗ ಟೈ ರಾಡಿನ ತುದಿ ಕಳಚಲೇಬೇಕು, ಆದ್ದರಿಂದ ಅದೇ ದಿನ ಅಲೈನ್‌ಮೆಂಟನ್ನೂ ಮಾಡಿಸಿಬಿಡಿ.